ಎರಡು ಸ್ಟೆಂಟ್ ಹಾಕಿಸಿದರೂ ಅಪ್ಪನ ಪಂಪಿಂಗ್ ಏರಲಿಲ್ಲ, ಯಾಕೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ಬಾಗಲಕೋಟೆ ಜಿಲ್ಲೆ ಮುಧೋಳ ತಾಲೂಕಿನವರು, ಕಬ್ಬು ಬೆಳೆಯುತ್ತೇವೆ. ಅಪ್ಪನಿಗೆ 58 ವರ್ಷ. ಶುಗರ್ ಇಲ್ಲ. ತಂಬಾಕು ತಿನ್ನುವ ಚಟ ಇತ್ತು. ಡಿಸೆಂಬರಿನಲ್ಲಿ ಒಂದು ಸಂಜೆ ಹೊಲದಿಂದ ಬಂದವರು ಎದೆ ಉರಿ ಎಂದರು. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಇಸಿಜಿ ತೆಗೆಸಿದರೆ ಹಾರ್ಟ್ ಅಟ್ಯಾಕ್ ಎಂದರು. ಮಧ್ಯಾಹ್ನ ದೊಡ್ಡ ದವಾಖಾನೆಯಲ್ಲಿ ಆಂಜಿಯೋಗ್ರಾಂ ಆಯಿತು. ಹೃದಯದ ಎಲ್‌ಎಡಿ ಎಂಬ ನಾಳ ಪೂರ್ತಿ ಬಂದ್ ಆಗಿದೆ ಎಂದು ಸ್ಟೆಂಟ್ ಹಾಕಿದರು. ಆಗ ಎಕೋದಲ್ಲಿ (ಹೃದಯದ ಸ್ಕ್ಯಾನಿಂಗ್) ಇಎಫ್, ಅಂದರೆ ಪಂಪಿಂಗ್ ನಂಬರು, 32 ಇತ್ತು. ಜನವರಿ ಮಧ್ಯದಲ್ಲಿ ಬಲಗಡೆ ನಾಳದ 80 ಪರ್ಸೆಂಟ್ ಬ್ಲಾಕಿಗೂ ಇನ್ನೊಂದು ಸ್ಟೆಂಟ್ ಹಾಕಿದರು. ಮೊನ್ನೆ ಎಕೋ ಮಾಡಿಸಿದರೆ 38. ಎರಡೂ ನಾಳ ಪೂರ್ತಿ ಓಪನ್ ಆಗಿವೆ ಎಂದು ಕಂಪ್ಯೂಟರಿನಲ್ಲಿ ತೋರಿಸಿದ್ದರು. ಹಾಗಿದ್ದರೆ ಪಂಪಿಂಗ್ ಯಾಕೆ ಏರಲಿಲ್ಲ? ಎರಡನೇ ಸ್ಟೆಂಟ್ ಸುಮ್ನೆ ಹಾಕಿದರಾ? ನಮ್ಮ ಕಾಕಾ ಅವರಿಗೆ ಬೈಪಾಸ್ ಆಗಿ 30 ಇದ್ದದ್ದು 45 ಆಗಿದೆ. ಅಪ್ಪನಿಗೂ ಬೈಪಾಸ್ ಮಾಡಿಸಬೇಕಿತ್ತಾ? ದಿನಕ್ಕೆ ಒಂಬತ್ತು ಗುಳಿಗೆ ತಗೋತಾರೆ, ಎದ್ದು ನಿಂತರೆ ತಲೆ ತಿರುಗುತ್ತದೆ ಅಂತಾರೆ. ಶುಗರ್ ಇಲ್ಲದವರಿಗೆ ಶುಗರಿನ ಗುಳಿಗೆ ಬೇರೆ ಬರೆದಿದ್ದಾರೆ. ಕೆಲವನ್ನು ಬಿಡಿಸಬಹುದಾ? ಅವರು ಪ್ರತಿವರ್ಷ ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು. ಈ ಸಲ ಹೋಗಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ದುಡ್ಡು ನೀರಿಗೆ ಹೋಗಿಲ್ಲ. ಮೊನ್ನೆ ಬಂದ 38 ಕೊನೆಯ ತೀರ್ಪೂ ಅಲ್ಲ. ಸ್ಟೆಂಟ್ ರಿಪೇರಿ ಮಾಡುವುದು ರಕ್ತನಾಳವನ್ನು. ಇಎಫ್ ತೋರಿಸುವುದು ಹೃದಯದ ಸ್ನಾಯು ಹೇಗೆ ಹಿಂಡುತ್ತಿದೆ ಎಂಬುದನ್ನು. ನಾಳ ತೆರೆದ ಕ್ಷಣಕ್ಕೇ ಸ್ನಾಯು ಸರಿಯಾಗುವುದಿಲ್ಲ. ನಾಳ ಬಂದ್ ಆಗಿದ್ದ ಹೊತ್ತಿನಲ್ಲಿ ಎಷ್ಟು ಸ್ನಾಯು ಸತ್ತಿತು, ಎಷ್ಟು ಉಳಿದಿದೆ, ಉಳಿದದ್ದಕ್ಕೆ ಮುಂದಿನ ತಿಂಗಳುಗಳಲ್ಲಿ ಗುಳಿಗೆಗಳು ಎಷ್ಟು ಆಸರೆ ಕೊಡುತ್ತವೆ ಎಂಬುದರ ಮೇಲೆ ಆ ನಂಬರು ನಿಂತಿದೆ.

ಈ ಇಎಫ್ ಎಂದರೇನು ಎಂದು ಸ್ವಲ್ಪ ನೋಡೋಣ. ಬೆಳಗಾವಿಯ ನನ್ನ ಓಪಿಡಿಗೆ ಬರುವ ಮನೆಯವರಲ್ಲಿ ಬಹಳ ಜನ ಇದನ್ನು ಪರೀಕ್ಷೆಯ ಮಾರ್ಕಿನ ಹಾಗೆ ನೂರಕ್ಕೆ ಇಷ್ಟು ಎಂದು ಓದುತ್ತಾರೆ. 38 ಎಂದರೆ ಹೃದಯದ 62 ಭಾಗ ಕೆಟ್ಟಿದೆ ಎಂದು ಹೆದರುತ್ತಾರೆ. ಹಾಗಲ್ಲ. ಹೃದಯದ ಎಡಗಡೆಯ ಕೆಳಕೋಣೆ ತುಂಬಿದಾಗ ಅದರಲ್ಲಿ ಸುಮಾರು 120 ಮಿಲಿ ರಕ್ತ ಇರುತ್ತದೆ ಎಂದುಕೊಳ್ಳಿ. ಒಂದು ಬಡಿತಕ್ಕೆ ಅದರಲ್ಲಿ 70 ಮಿಲಿಯಷ್ಟು ಹೊರಗೆ ಹೋಗುತ್ತದೆ. ಆರೋಗ್ಯವಂತರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಆದ್ದರಿಂದ 55ರಿಂದ 65 ಅಂದರೆ ಒಳ್ಳೆಯ ಪಂಪಿಂಗ್. ನಿಮ್ಮ ತಂದೆಯವರ 38ನ್ನು ಹೋಲಿಸಬೇಕಾದ್ದು 60ರ ಜೊತೆ, 100ರ ಜೊತೆ ಅಲ್ಲ.

ಇನ್ನೊಂದು ಮಾತು. ಎಕೋ ಯಂತ್ರ ತಕ್ಕಡಿ ಅಲ್ಲ. ಪರದೆಯ ಮೇಲೆ ಕೋಣೆಯ ಒಳಗಿನ ಅಂಚನ್ನು ಡಾಕ್ಟರು ಗೆರೆ ಎಳೆದು ಗುರುತಿಸುತ್ತಾರೆ, ಯಂತ್ರ ಲೆಕ್ಕ ಹಾಕುತ್ತದೆ. ಎಷ್ಟೋ ಕಡೆ ಗದ್ದಲದಲ್ಲಿ ಕಣ್ಣಂದಾಜಿನಲ್ಲೇ ಬರೆಯುವುದೂ ಉಂಟು. ಒಬ್ಬರೇ ರೋಗಿಗೆ ಒಂದೇ ದಿನ ಇಬ್ಬರು ಎಕೋ ಮಾಡಿದರೆ ಐದು ಪಾಯಿಂಟ್ ಆಚೀಚೆ ಬರುವುದು ಮಾಮೂಲು. ಆದ್ದರಿಂದ 32ರಿಂದ 38ಕ್ಕೆ ಬಂದದ್ದನ್ನು ಏರಿತು ಎಂದು ಗಟ್ಟಿಯಾಗಿ ಹೇಳಲೂ ಆಗದು, ಏರಲಿಲ್ಲ ಎಂದು ಕೊರಗಲೂ ಬೇಕಿಲ್ಲ. ಸಾಧ್ಯವಾದರೆ ಮುಂದಿನ ಎಕೋವನ್ನು ಅದೇ ದವಾಖಾನೆಯಲ್ಲಿ, ಅದೇ ಡಾಕ್ಟರ ಹತ್ತಿರ ಮಾಡಿಸಿ. ರಿಪೋರ್ಟಿನಲ್ಲಿ ಇಎಫ್ ಒಂದನ್ನೇ ನೋಡಬೇಡಿ. ಕೋಣೆಯ ಅಳತೆ ದೊಡ್ಡದಾಗುತ್ತಿದೆಯೇ, ಮೈಟ್ರಲ್ ಕವಾಟ ಸೋರುತ್ತಿದೆಯೇ, ತುದಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂಬುದನ್ನೂ ಕೇಳಿ. ಎಲ್‌ಎಡಿ ಬಂದ್ ಆದವರಲ್ಲಿ ಹೃದಯದ ತುದಿ ಸರಿಯಾಗಿ ಆಡುವುದಿಲ್ಲ. ಅಲ್ಲಿ ರಕ್ತ ನಿಂತು ಗಂಟು ಕಟ್ಟುವ ಅಪಾಯ ಇರುತ್ತದೆ. ಅದು ಮಿದುಳಿಗೆ ಹೋದರೆ ಲಕ್ವಾ. ನನ್ನ ಮಟ್ಟಿಗೆ ಈ ಪ್ರಶ್ನೆ 38ಕ್ಕಿಂತ ಮುಖ್ಯ.

ಈಗ ಆ ರಾತ್ರಿಯ ವಿಷಯ. ಎಲ್‌ಎಡಿ ಎಂದರೆ ಹೃದಯದ ಮುಂಭಾಗಕ್ಕೂ ತುದಿಗೂ ರಕ್ತ ಕೊಡುವ ನಾಳ. ಎಡಕೋಣೆಯ ಹತ್ತಿರ ಹತ್ತಿರ ಅರ್ಧದಷ್ಟು ಸ್ನಾಯು ಅದನ್ನೇ ನಂಬಿಕೊಂಡಿರುತ್ತದೆ. ಹೃದಯದ ಸ್ನಾಯುವಿಗೆ ಉಳಿತಾಯ ಎಂಬುದೇ ಇಲ್ಲ. ಬರುವ ರಕ್ತದಲ್ಲಿರುವ ಆಮ್ಲಜನಕದ ಬಹುಪಾಲನ್ನು ಸುಮ್ಮನೆ ಕೂತಾಗಲೂ ಅದು ಹೀರಿಕೊಂಡಿರುತ್ತದೆ. ಹಾಗಾಗಿ ನಾಳ ಮುಚ್ಚಿದ ಒಂದು ನಿಮಿಷದೊಳಗೇ ಆ ಭಾಗ ಹಿಂಡುವುದನ್ನು ನಿಲ್ಲಿಸುತ್ತದೆ. ಆದರೆ ಆಗ ಇನ್ನೂ ಸತ್ತಿರುವುದಿಲ್ಲ. ಸಾಯಲು ಶುರುವಾಗುವುದು ಸುಮಾರು 20 ನಿಮಿಷದ ನಂತರ. ಒಳಪದರದಿಂದ ಶುರುವಾಗಿ ಹೊರಪದರದ ಕಡೆ ಹರಡುತ್ತ ಹೋಗುತ್ತದೆ. ಆರು ಗಂಟೆ ದಾಟುವ ಹೊತ್ತಿಗೆ ಉಳಿಸಬಹುದಾದದ್ದರಲ್ಲಿ ಬಹುಪಾಲು ಹೋಗಿರುತ್ತದೆ. ಎಲ್ಲರಿಗೂ ಒಂದೇ ಲೆಕ್ಕ ಅಲ್ಲ. ಕೆಲವರಿಗೆ ಪಕ್ಕದ ನಾಳಗಳಿಂದ ಸಣ್ಣ ಸಣ್ಣ ಕೂಡುನಾಳಗಳು ಮೊದಲೇ ಬೆಳೆದಿರುತ್ತವೆ. ಕೆಲವರಿಗೆ ನಾಳ ನಡುನಡುವೆ ತಾನಾಗಿ ಸ್ವಲ್ಪ ತೆರೆದು ಮತ್ತೆ ಮುಚ್ಚುತ್ತಿರುತ್ತದೆ. ಅಂಥವರಿಗೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ನಿಮ್ಮ ತಂದೆಯವರ ನಾಳ ತೆರೆದದ್ದು ಮಾರನೆಯ ಮಧ್ಯಾಹ್ನ. ಆ ಹೊತ್ತಿಗೂ ಇಎಫ್ 32 ಉಳಿದಿತ್ತು ಎಂದರೆ ಎಲ್ಲವೂ ಹೋಗಿರಲಿಲ್ಲ ಎಂದೇ ಅರ್ಥ.

ಸೋಡಾ ಕುಡಿಸಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನಮ್ಮ ಕಡೆ ಹತ್ತರಲ್ಲಿ ಆರೇಳು ಮನೆಗಳಲ್ಲಿ ಹೀಗೇ ನಡೆಯುತ್ತದೆ. ಓದುವ ಉಳಿದವರಿಗೆ ಮಾತ್ರ ಒಂದು ಮಾತು. 40 ದಾಟಿದವರಿಗೆ ಎದೆ ಉರಿ, ಎದೆ ಬಿಗಿತ, ದವಡೆ ಅಥವಾ ಎಡಗೈ ಸೆಳೆತ 15-20 ನಿಮಿಷಕ್ಕೂ ಇಳಿಯದಿದ್ದರೆ, ಜೊತೆಗೆ ಬೆವರು ಬಂದರೆ, ಗ್ಯಾಸೋ ಅಲ್ಲವೋ ಎಂದು ತೀರ್ಮಾನ ಮಾಡುವ ಕೆಲಸ ಇಸಿಜಿಗೆ ಬಿಡಿ. ಬೆಳಗಾವಿಗೋ ಹುಬ್ಬಳ್ಳಿಗೋ ಓಡಬೇಕೆಂದೇನೂ ಇಲ್ಲ. ಮೊದಲು ತಾಲೂಕು ದವಾಖಾನೆ ಸಾಕು. ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಮಟ್ಟದಲ್ಲೇ ಇಸಿಜಿ ತೆಗೆದು, ದೊಡ್ಡ ಕೇಂದ್ರದ ತಜ್ಞರಿಗೆ ಕಳಿಸಿ, ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ದುಡ್ಡಿಲ್ಲದೆ ಕೊಡುವ ವ್ಯವಸ್ಥೆ ಇದೆ. ನೋವು ಶುರುವಾದ ಮೂರು ಗಂಟೆಯೊಳಗೆ ಆ ಸೂಜಿ ಬಿದ್ದರೆ ಉಳಿಯುವ ಸ್ನಾಯುವನ್ನು, ಮಾರನೆಯ ದಿನ ಹಾಕಿದ ಎಷ್ಟು ದುಬಾರಿ ಸ್ಟೆಂಟೂ ಉಳಿಸಿಕೊಡಲಾರದು. ಸೂಜಿ ಆದ ಮೇಲೆ ಆಂಜಿಯೋಗ್ರಾಂ ಮಾಡುವ ದವಾಖಾನೆಗೆ ಹೋಗಲೇಬೇಕು, ಅದನ್ನು ಬಿಡಬೇಡಿ.

ನಾಳ ತೆರೆದ ಮೇಲೆ ಹೃದಯದೊಳಗೆ ಮೂರು ಥರದ ಸ್ನಾಯು ಇರುತ್ತದೆ. ಮೊದಲನೆಯದು ಸತ್ತದ್ದು. ಅದು ಕೆಲವು ವಾರಗಳಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ. ಅದು ಮತ್ತೆ ಹಿಂಡುವುದಿಲ್ಲ. ಎರಡನೆಯದು ಜೀವ ಇದ್ದೂ ಪೆಟ್ಟು ತಿಂದು ಮಂಕಾದದ್ದು. ರಕ್ತ ವಾಪಸ್ ಬಂದಿದೆ, ಆದರೂ ಕೆಲಸ ಶುರು ಮಾಡಿಲ್ಲ. ಇದು ದಿನಗಳಲ್ಲಿ, ಕೆಲವರಲ್ಲಿ ವಾರಗಳಲ್ಲಿ, ತಾನಾಗಿ ಸರಿಯಾಗುತ್ತದೆ. ಹಾರ್ಟ್ ಅಟ್ಯಾಕಿನ ದಿನದ ಎಕೋ ಬಹಳ ಕೆಟ್ಟದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಮೂರನೆಯದು ಬಹಳ ದಿನಗಳಿಂದ ಅರೆಹೊಟ್ಟೆಯಲ್ಲಿದ್ದು ಕೆಲಸ ಕಡಿಮೆ ಮಾಡಿಕೊಂಡು ಜೀವ ಹಿಡಿದುಕೊಂಡದ್ದು. ಸಿಗುವಷ್ಟೇ ರಕ್ತದಲ್ಲಿ ಬದುಕಲು ಅದು ಹಿಂಡುವುದನ್ನು ತಗ್ಗಿಸಿಕೊಂಡಿರುತ್ತದೆ. ಈ ಸ್ಥಿತಿಯನ್ನು 1980ರ ದಶಕದಲ್ಲಿ ಲೋಕದ ಗಮನಕ್ಕೆ ತಂದವರಲ್ಲಿ ಮುಖ್ಯರು ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಶಹಬುದ್ದೀನ್ ರಹಿಮ್ತೂಲಾ. ಇಂಥ ಸ್ನಾಯುವಿಗೆ ರಕ್ತ ಕೊಟ್ಟರೆ ಎಚ್ಚರವಾಗಬಹುದು. ಆದರೆ ಅದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ಆರು ತಿಂಗಳಿಗೂ ಜಾಸ್ತಿ.

ನೀವು ಕಬ್ಬಿನವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಬಾಡಿದ ಕಬ್ಬು ಕೆಲವು ದಿನದಲ್ಲಿ ಚಿಗುರುತ್ತದೆ, ಬೇರಿನ ತನಕ ಒಣಗಿದ್ದು ಚಿಗುರುವುದಿಲ್ಲ. ಎರಡಕ್ಕೂ ಹರಿದದ್ದು ಅದೇ ನೀರು.

ಇದರ ಜೊತೆ ಇನ್ನೊಂದು ತೊಡಕು ಉಂಟು. ಆಂಜಿಯೋಗ್ರಾಂ ಚಿತ್ರದಲ್ಲಿ ಕಾಣುವುದು ದೊಡ್ಡ ನಾಳಗಳು ಮಾತ್ರ. ಸ್ನಾಯುವಿನೊಳಗೆ ರಕ್ತ ಹಂಚುವ ಕೂದಲಿಗಿಂತ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ. ತಡವಾಗಿ ಬಂದವರಲ್ಲಿ ಈ ಸಣ್ಣ ನಾಳಗಳು ಊದಿಕೊಂಡು, ಹೆಪ್ಪಿನ ಚೂರುಗಳಿಂದ ಕಟ್ಟಿಕೊಂಡು ಹಾಳಾಗಿರುತ್ತವೆ. ಮೇಲಿನ ನಾಳ ನೂರಕ್ಕೆ ನೂರು ತೆರೆದಿದ್ದರೂ ರಕ್ತ ಕೆಳಗೆ ಇಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ನಿಮಗೆ ತೋರಿಸಿದ್ದು ಸುಳ್ಳಲ್ಲ, ಆದರೆ ಅದು ಪೂರ್ತಿ ಕಥೆಯೂ ಅಲ್ಲ.

ಹಾಗಾದರೆ ಎರಡನೇ ಸ್ಟೆಂಟ್ ಯಾಕೆ? ಇದು ನ್ಯಾಯವಾದ ಪ್ರಶ್ನೆ. ಬೇಡದ ಸ್ಟೆಂಟ್ ಹಾಕುವವರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ತಂದೆಯವರ ವಿಷಯದಲ್ಲಿ ನೀವು ಬರೆದಷ್ಟನ್ನು ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ. ದೊಡ್ಡ ಹಾರ್ಟ್ ಅಟ್ಯಾಕ್ ಆದವರಿಗೆ ಬೇರೆ ನಾಳದಲ್ಲೂ ದೊಡ್ಡ ಬ್ಲಾಕ್ ಇದ್ದರೆ ಅದನ್ನೂ ಸರಿಮಾಡಬೇಕೇ ಎಂದು ನೋಡಲು ಕಂಪ್ಲೀಟ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರಲ್ಲಿ 4,041 ರೋಗಿಗಳಿದ್ದರು, ಫಲಿತಾಂಶ 2019ರಲ್ಲಿ ಬಂತು. ಸುಮಾರು ಮೂರು ವರ್ಷದಲ್ಲಿ ಹೃದಯದಿಂದ ಸಾವು ಅಥವಾ ಮತ್ತೊಂದು ಅಟ್ಯಾಕ್ ಆದವರು ಎಲ್ಲಾ ದೊಡ್ಡ ಬ್ಲಾಕುಗಳನ್ನೂ ತೆರೆಸಿಕೊಂಡವರಲ್ಲಿ ನೂರಕ್ಕೆ 7.8. ಅಟ್ಯಾಕಿಗೆ ಕಾರಣವಾದ ಒಂದನ್ನೇ ತೆರೆಸಿಕೊಂಡವರಲ್ಲಿ 10.5. ಲಾಭ ಬಂದದ್ದು ಮುಖ್ಯವಾಗಿ ಎರಡನೇ ಅಟ್ಯಾಕ್ ತಪ್ಪಿದ್ದರಿಂದ. ಗಮನಿಸಿ, ಇಲ್ಲಿ ಗುರಿ ಇಎಫ್ ಏರಿಸುವುದು ಆಗಿರಲಿಲ್ಲ. ಬಲಗಡೆಯ ನಾಳದ ಕೆಳಗಿನ ಸ್ನಾಯು ಚೆನ್ನಾಗಿ ಆಡುತ್ತಲೇ ಇದ್ದರೆ, ಅಲ್ಲಿ ಸ್ಟೆಂಟ್ ಹಾಕಿದ ಮಾತ್ರಕ್ಕೆ ನಂಬರು ಏರಲು ಏನೂ ಇಲ್ಲ. ಮುಂಭಾಗ ಪೆಟ್ಟು ತಿಂದ ಹೃದಯದಲ್ಲಿ ಉಳಿದದ್ದು ಹಿಂಭಾಗವೇ ಅಲ್ವಾ? ಅದನ್ನೂ ಕಳೆದುಕೊಂಡರೆ ಮನುಷ್ಯ ಉಳಿಯುವುದು ಕಷ್ಟ. ಅದಕ್ಕೆ ಆ ಸ್ಟೆಂಟ್.

ಇನ್ನು ಕಾಕಾ ಅವರ ಬೈಪಾಸ್. ಅವರ ರೋಗ ಬೇರೆ ಜಾತಿಯದು ಇರಬೇಕು ಎಂದು ನನ್ನ ಅಂದಾಜು. ವರ್ಷಗಟ್ಟಲೆ ಮೂರೂ ನಾಳ ನಿಧಾನವಾಗಿ ಕಟ್ಟಿಕೊಂಡು, ಸ್ನಾಯು ಅರೆಹೊಟ್ಟೆಯಲ್ಲಿದ್ದವರಿಗೆ ಬೈಪಾಸ್ ಆದ ಮೇಲೆ ಹದಿನೈದು ಪಾಯಿಂಟ್ ಏರುವುದನ್ನು ನಾವು ನೋಡುತ್ತೇವೆ. ಒಂದೇ ರಾತ್ರಿಯಲ್ಲಿ ಸ್ನಾಯು ಸತ್ತವರಿಗೆ ಕಾಲಿನ ರಕ್ತನಾಳ ತೆಗೆದು ಜೋಡಿಸಿ ಬೈಪಾಸ್ ಮಾಡಿದರೂ ಅದೇ ಫಲ, ಸ್ಟೆಂಟ್ ಹಾಕಿದರೂ ಅದೇ ಫಲ. ಜೊತೆಗೆ, ಅಟ್ಯಾಕಿನ ಹೊತ್ತಿನಲ್ಲಿ ನಾಳ ಬೇಗ ತೆರೆಯುವುದು ಮುಖ್ಯ. ಆಗ ಬಲೂನು ಮತ್ತು ಸ್ಟೆಂಟೇ ಸರಿಯಾದ ದಾರಿ. ಎಡಗಡೆಯ ಮುಖ್ಯ ಕಾಂಡದಲ್ಲೇ ಬ್ಲಾಕ್ ಇದ್ದರೆ, ಶುಗರ್ ಇದ್ದು ಮೂರೂ ನಾಳ ಹಾಳಾಗಿದ್ದರೆ, ಪಂಪಿಂಗ್ ಮೊದಲಿನಿಂದಲೇ ಕಡಿಮೆಯಿದ್ದು ಹಲವು ನಾಳ ಕಟ್ಟಿದ್ದರೆ ಬೈಪಾಸ್ ಕಡೆ ತಕ್ಕಡಿ ವಾಲುತ್ತದೆ. ನಿಮ್ಮ ತಂದೆಯವರದು ಇವು ಯಾವುವೂ ಅಲ್ಲ.

ಪಂಪಿಂಗ್ ಕಡಿಮೆ ಇರುವವರಿಗೆ ನಾಳ ತೆರೆಯುವುದರಿಂದ ನಿಜಕ್ಕೂ ಏನು ಸಿಗುತ್ತದೆ ಎಂಬ ಬಗ್ಗೆ ಎರಡು ಅಧ್ಯಯನಗಳನ್ನು ಹೇಳಲೇಬೇಕು. ಇವೆರಡೂ ಹಳೆಯ, ನಿಧಾನದ ರೋಗದವರ ಮೇಲೆ ನಡೆದದ್ದು, ಹೊಸ ಅಟ್ಯಾಕಿನವರ ಮೇಲಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ. ಮೊದಲನೆಯದು ಸ್ಟಿಚ್. ಇಎಫ್ 35 ಅಥವಾ ಅದಕ್ಕೂ ಕಡಿಮೆ ಇದ್ದ 1,212 ಜನರಲ್ಲಿ ಅರ್ಧ ಜನಕ್ಕೆ ಬೈಪಾಸ್ ಮತ್ತು ಗುಳಿಗೆ, ಉಳಿದರ್ಧಕ್ಕೆ ಗುಳಿಗೆ ಮಾತ್ರ. 2011ರಲ್ಲಿ, ಸುಮಾರು ಐದು ವರ್ಷದ ಲೆಕ್ಕದಲ್ಲಿ, ಒಟ್ಟು ಸಾವಿನಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಹತ್ತು ವರ್ಷ ಕಾದು 2016ರಲ್ಲಿ ಮತ್ತೆ ಲೆಕ್ಕ ಹಾಕಿದಾಗ ಬೈಪಾಸಿನವರಲ್ಲಿ ನೂರಕ್ಕೆ 58.9, ಗುಳಿಗೆಯವರಲ್ಲಿ 66.1 ಜನ ತೀರಿಕೊಂಡಿದ್ದರು. ಲಾಭ ಇದೆ, ಆದರೆ ಕೈಗೆ ಸಿಗಲು ವರ್ಷಗಳು ಬೇಕು. ಇದರಲ್ಲೇ ಒಂದು ಸೋಜಿಗ ಇದೆ. ಯಾರ ಇಎಫ್ ಏರಿತು, ಯಾರದು ಏರಲಿಲ್ಲ ಎಂದು ಒಂದು ಗುಂಪಿನಲ್ಲಿ ಬೇರೆಯಾಗಿ ನೋಡಿದರು. ಜೀವಂತ ಸ್ನಾಯು ಜಾಸ್ತಿ ಇದ್ದವರದು ಏರಿತ್ತು. ಬೈಪಾಸ್ ಆದವರಲ್ಲೂ ಏರಿತ್ತು, ಬರೀ ಗುಳಿಗೆಯವರಲ್ಲೂ ಏರಿತ್ತು. ಆದರೆ ಇಎಫ್ ಏರಿದವರೇ ಜಾಸ್ತಿ ದಿನ ಬದುಕಿದರು ಎಂಬ ನಂಟು ಮಾತ್ರ ಸಿಗಲಿಲ್ಲ.

ಎರಡನೆಯದು ಬ್ರಿಟನ್ನಿನ ರಿವೈವ್ಡ್, 2022ರದು. ಇಲ್ಲಿ ಬೈಪಾಸ್ ಬದಲು ಸ್ಟೆಂಟ್. ಇಎಫ್ 35ರೊಳಗೆ ಇದ್ದು, ಸ್ನಾಯುವಿನಲ್ಲಿ ಜೀವ ಇದೆ ಎಂದು ಪರೀಕ್ಷೆಯಲ್ಲಿ ಖಾತ್ರಿಯಾದ 700 ಜನ. ಎಲ್ಲರಿಗೂ ಒಳ್ಳೆಯ ಗುಳಿಗೆ, ಅರ್ಧ ಜನಕ್ಕೆ ಸ್ಟೆಂಟ್ ಕೂಡ. ಮೂರು ವರ್ಷ ದಾಟಿದ ಮೇಲೆ ಸಾವು ಅಥವಾ ಹಾರ್ಟ್ ಫೇಲ್ಯೂರಿಗಾಗಿ ದವಾಖಾನೆ ಸೇರಿದವರು ಸ್ಟೆಂಟಿನವರಲ್ಲಿ ನೂರಕ್ಕೆ 37.2, ಗುಳಿಗೆಯವರಲ್ಲಿ 38. ಅಂದರೆ ಒಂದೇ. ಆರು ತಿಂಗಳಿಗೂ ಒಂದು ವರ್ಷಕ್ಕೂ ಎಕೋ ಮಾಡಿದರು, ಇಎಫ್‌ನಲ್ಲಿಯೂ ವ್ಯತ್ಯಾಸ ಇರಲಿಲ್ಲ. ನಮ್ಮಂಥ ಕಾರ್ಡಿಯಾಲಜಿಸ್ಟರಿಗೆ ಇದು ಸ್ವಲ್ಪ ಕಹಿಯಾದ ಸುದ್ದಿಯೇ. ಬಹಳ ಕಾಲದಿಂದ ನಾವು ನಾಳ ತೆರೆದರೆ ಪಂಪಿಂಗ್ ಏರುತ್ತದೆ ಎಂದು ಮನೆಯವರಿಗೆ ಹೇಳುತ್ತ ಬಂದಿದ್ದೇವೆ. ಇಂದಿಗೂ ಯಾರಾದರೂ ಎದೆನೋವಿಲ್ಲದ ಹಳೆಯ ರೋಗಿಗೆ ಪಂಪಿಂಗ್ ಏರಿಸಲು ಸ್ಟೆಂಟ್ ಹಾಕೋಣ ಎಂದರೆ ಎರಡನೇ ಅಭಿಪ್ರಾಯ ಕೇಳಿ ಎಂದೇ ನಾನು ಹೇಳುತ್ತೇನೆ. ಎದೆನೋವು ಕಡಿಮೆ ಮಾಡಲು ಹಾಕುವುದು ಬೇರೆ ಮಾತು, ಆ ಕೆಲಸವನ್ನು ಸ್ಟೆಂಟ್ ಚೆನ್ನಾಗಿ ಮಾಡುತ್ತದೆ. ಡ್ರಿಪ್ ಹಾಕಿ ಬ್ಲಾಕ್ ಕರಗಿಸುತ್ತೇವೆ ಎಂದು ಪಾಂಪ್ಲೆಟ್ ಹಂಚುವವರ ಬಗ್ಗೆ ಮಾತಾಡುವುದೇ ಬೇಡ, ಅಲ್ಲಿಗೆ ಹೋಗಬೇಡಿ.

ಸ್ನಾಯುವಿನಲ್ಲಿ ಎಷ್ಟು ಜೀವ ಇದೆ ಎಂದು ನೋಡಲು ಪರೀಕ್ಷೆಗಳಿವೆ. ಬಣ್ಣದ ಸೂಜಿ ಕೊಟ್ಟು ಮಾಡುವ ಹೃದಯದ ಎಂಆರ್‌ಐ ಎಲ್ಲಕ್ಕಿಂತ ಸ್ಪಷ್ಟ. ಗೋಡೆಯ ದಪ್ಪದಲ್ಲಿ ಕಲೆ ಕಾಲುಭಾಗಕ್ಕಿಂತ ಕಡಿಮೆ ಇದ್ದರೆ ಆ ಭಾಗ ಚೇತರಿಸಿಕೊಳ್ಳುವ ಸಾಧ್ಯತೆ ಒಳ್ಳೆಯದಿದೆ. ಮುಕ್ಕಾಲು ಭಾಗ ಕಲೆಯಾಗಿದ್ದರೆ ಆಸೆ ಇಲ್ಲವೇ ಇಲ್ಲ ಎನ್ನಬೇಕು. ಆದರೆ ನಿಮಗೆ ಈಗ ಅದು ಬೇಕಿಲ್ಲ. ಎರಡೂ ನಾಳ ತೆರೆದಾಗಿದೆ, ಎಂಆರ್‌ಐ ಏನೇ ಹೇಳಿದರೂ ಮುಂದೆ ಮಾಡುವುದು ಅದೇ. ಅದೇ ದುಡ್ಡನ್ನು ಗುಳಿಗೆಗೂ ಮೂರು ತಿಂಗಳ ಎಕೋಗೂ ಇಟ್ಟುಕೊಳ್ಳಿ.

ಗುಳಿಗೆ ಅಂದೆನಲ್ಲ, ಈಗ ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಚಿಂತೆ ಹುಟ್ಟಿಸಿದ ಸಾಲಿಗೆ ಬರುತ್ತೇನೆ: ಕೆಲವನ್ನು ಬಿಡಿಸಬಹುದಾ? ಬಿಡಿಸಬೇಡಿ. ನಿಮ್ಮ ಕೈಯಿಂದ ಒಂದನ್ನೂ ಬಿಡಿಸಬೇಡಿ. ಆ ಒಂಬತ್ತರಲ್ಲಿ ಎರಡು ರಕ್ತ ಹೆಪ್ಪುಗಟ್ಟದಂತೆ ನೋಡುವಂಥವು. ಆಸ್ಪಿರಿನ್ ಒಂದು, ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್ ಇನ್ನೊಂದು. ಹೊಸ ಸ್ಟೆಂಟಿನ ಮೇಲೆ ಒಳಪದರ ಬೆಳೆದು ಮುಚ್ಚುವ ತನಕ ಅಲ್ಲಿ ರಕ್ತ ಗಂಟು ಕಟ್ಟಬಹುದು. ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ ಕೊಡುತ್ತೇವೆ. ಹಲ್ಲು ಕೀಳಿಸಲು ಹೋದಾಗ ಯಾರಾದರೂ ನಿಲ್ಲಿಸಿ ಎಂದರೂ ಮೊದಲು ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಟಿಕಾಗ್ರೆಲಾರ್ ಕೆಲವರಿಗೆ ದಮ್ಮು ಹತ್ತಿದಂತೆ ಮಾಡುತ್ತದೆ. ಹಾಗಾದರೆ ಬದಲಿಸುತ್ತಾರೆ, ಬಿಡಿಸುವುದಿಲ್ಲ. ಇನ್ನೊಂದು ಕೊಬ್ಬಿನ ಗುಳಿಗೆ, ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್. ಅದು ಉಳಿದ ನಾಳಗಳ ಕಾವಲಿಗೆ.

ಪಂಪಿಂಗ್ ಏರಿಸುವ ಕೆಲಸ ಉಳಿದವುಗಳಲ್ಲಿ ನಾಲ್ಕರದು. ಅಟ್ಯಾಕ್ ಆದ ಮೇಲೆ ಸತ್ತ ಭಾಗದ ಭಾರ ಹೊತ್ತ ಉಳಿದ ಸ್ನಾಯು ನಿಧಾನವಾಗಿ ಹಿಗ್ಗುತ್ತದೆ, ಕೋಣೆ ದುಂಡಗಾಗುತ್ತದೆ, ದಿನ ಕಳೆದಂತೆ ಇಎಫ್ ಇನ್ನೂ ಇಳಿಯುತ್ತದೆ. ಸ್ಟೆಂಟಿಗೆ ಇದನ್ನು ತಡೆಯುವ ಶಕ್ತಿ ಪೂರ್ತಿ ಇಲ್ಲ. ತಡೆಯುವುದು, ಎಷ್ಟೋ ಸಲ ತಿರುಗಿಸುವುದು, ಈ ನಾಲ್ಕು ಗುಂಪಿನ ಔಷಧ. ಮೆಟೊಪ್ರೊಲಾಲ್ ಅಥವಾ ಬೈಸೊಪ್ರೊಲಾಲ್ ಹೃದಯದ ಓಟ ತಗ್ಗಿಸುತ್ತವೆ. ರಾಮಿಪ್ರಿಲ್ ಅಥವಾ ಸಾಕ್ಯುಬಿಟ್ರಿಲ್-ವಾಲ್ಸಾರ್ಟನ್ ಎದುರೊತ್ತಡ ಕಡಿಮೆ ಮಾಡಿ ಹಿಗ್ಗುವುದನ್ನು ತಡೆಯುತ್ತವೆ. ಸ್ಪಿರೊನೊಲ್ಯಾಕ್ಟೋನ್ ಅಥವಾ ಎಪ್ಲೆರೆನೋನ್ ಕಲೆ ಹರಡುವುದನ್ನು ತಗ್ಗಿಸುತ್ತವೆ. ನಾಲ್ಕನೆಯದೇ ನಿಮ್ಮ ಶುಗರಿನ ಗುಳಿಗೆ, ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇರಬೇಕು. ಅದು ಹುಟ್ಟಿದ್ದು ಶುಗರಿಗಾಗಿಯೇ. ಆದರೆ ಶುಗರ್ ಇಲ್ಲದವರಿಗೂ ದುರ್ಬಲ ಹೃದಯಕ್ಕೆ ಅಷ್ಟೇ ಲಾಭ ಎಂದು 2019ರಲ್ಲಿ ಬಂದ ಡಾಪಾ-ಎಚ್‌ಎಫ್ ಅಧ್ಯಯನ ತೋರಿಸಿತು. ಶುಗರ್ ಇಲ್ಲದವರಲ್ಲಿ ಇದೊಂದರಿಂದಲೇ ಶುಗರ್ ಲೋ ಆಗುವುದು ಬಹಳ ಅಪರೂಪ. ಮೂತ್ರದ ಜಾಗದಲ್ಲಿ ತುರಿಕೆ ಬರಬಹುದು, ಶುಚಿ ಇಟ್ಟುಕೊಂಡರೆ ಸಾಕು. ವಾಂತಿ-ಭೇದಿ ಆದ ದಿನ, ಏಕಾದಶಿ ಶ್ರಾವಣ ಅಂತ ಪೂರ್ತಿ ಉಪವಾಸ ಇರುವ ದಿನ ಇದನ್ನು ತಗೋಬೇಕೋ ಬೇಡವೋ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಈ ನಾಲ್ಕನ್ನೂ ಸಣ್ಣ ಡೋಸಿನಿಂದ ಶುರು ಮಾಡಿ, ಬಿಪಿ ಮತ್ತು ರಕ್ತಪರೀಕ್ಷೆ ನೋಡಿಕೊಂಡು ಒಂದೆರಡು ವಾರಕ್ಕೊಮ್ಮೆ ಏರಿಸುತ್ತ ಹೋಗಬೇಕು. ಪೂರ್ತಿ ಫಲ ಕಾಣಲು ಮೂರರಿಂದ ಆರು ತಿಂಗಳು. ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದ ಮೊದಲ ಡೋಸನ್ನೇ ವರ್ಷಗಟ್ಟಲೆ ನುಂಗುತ್ತ, ಮತ್ತೆ ತೋರಿಸದೆ ಇರುವವರೇ ನಮ್ಮಲ್ಲಿ ಜಾಸ್ತಿ. ಪಂಪಿಂಗ್ ಏರದಿರಲು ನಾನು ಕಂಡ ಅತಿ ಸಾಮಾನ್ಯ ಕಾರಣ ಇದೇ.

ತಲೆ ತಿರುಗುವುದಕ್ಕೆ ಪರಿಹಾರ ಇದೆ. ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಳ್ಳಿ. ಕೂತಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ, ಒಂದು ವಾರ ಬರೆದಿಡಿ. ಮೇಲಿನ ನಂಬರು 100ರ ಆಸುಪಾಸು ಇದ್ದು ತೊಂದರೆ ಇಲ್ಲದಿದ್ದರೆ ಹೆದರಬೇಡಿ, ಇಂಥ ಹೃದಯಕ್ಕೆ ಅದು ಸರಿಯೇ. ನಿಂತಾಗ 20ಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಆ ಚೀಟಿ ತಗೊಂಡು ಡಾಕ್ಟರ ಹತ್ತಿರ ಹೋಗಿ. ಬಹಳ ಸಲ ನೀರಿನ ಗುಳಿಗೆಯ (ಮೂತ್ರ ಜಾಸ್ತಿ ಮಾಡುವ ಗುಳಿಗೆ) ಡೋಸು ತಗ್ಗಿಸಿದರೆ, ಅಥವಾ ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುವ ಬದಲು ಹೊತ್ತು ಹಂಚಿದರೆ ಸರಿಹೋಗುತ್ತದೆ. ಮಾರ್ಚ್ ಕಳೆದರೆ ಮುಧೋಳ, ಜಮಖಂಡಿ ಕಡೆಯ ಬಿಸಿಲು ಗೊತ್ತಲ್ಲ. ಬೆವರಿ ಮೈಯಲ್ಲಿ ನೀರು ಕಡಿಮೆಯಾದಾಗ ಜನವರಿಯಲ್ಲಿ ಸರಿಯಿದ್ದ ಡೋಸು ಏಪ್ರಿಲಿನಲ್ಲಿ ಜಾಸ್ತಿಯಾಗಬಹುದು. ಮೂರ್ಛೆ ಹೋದರೆ ಮಾತ್ರ ಕಾಯಬೇಡಿ. ದುರ್ಬಲ ಹೃದಯದವರಲ್ಲಿ ಅದು ಬಡಿತದ ಗೊಂದಲದಿಂದಲೂ ಆಗಿರಬಹುದು, ಅದೇ ದಿನ ತೋರಿಸಿ.

ಊಟದ ವಿಷಯ ಚುಟುಕಾಗಿ. ಜೋಳದ ರೊಟ್ಟಿ, ಕಾಳು ಪಲ್ಯ, ಸೊಪ್ಪು, ಮಜ್ಜಿಗೆ, ಎಲ್ಲ ಒಳ್ಳೆಯದು. ಉಪ್ಪು ಒಟ್ಟು ದಿನಕ್ಕೆ ಒಂದು ಸಣ್ಣ ಚಮಚ ದಾಟಬಾರದು. ನಮ್ಮಲ್ಲಿ ಉಪ್ಪು ಪಲ್ಯದಲ್ಲಿ ಅಲ್ಲ, ಪಕ್ಕದಲ್ಲಿ ಕೂತಿರುತ್ತದೆ: ಶೇಂಗಾ ಹಿಂಡಿ, ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಡಿಗೆ. ಉಪ್ಪಿನ ಬದಲು ಲೋ ಸೋಡಿಯಂ ಉಪ್ಪು ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ನಿಮ್ಮ ತಂದೆಯವರ ಗುಳಿಗೆಗಳ ಜೊತೆ ಸೇರಿದರೆ ರಕ್ತದಲ್ಲಿ ಅದು ಅಪಾಯದ ಮಟ್ಟಕ್ಕೆ ಏರಬಹುದು. ಮೊಣಕಾಲು ನೋವೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್ ತರುವುದೂ ಬೇಡ. ಅದು ಮೈಯಲ್ಲಿ ನೀರು ನಿಲ್ಲಿಸಿ, ಕಿಡ್ನಿಗೆ ಪೆಟ್ಟು ಕೊಟ್ಟು, ನಾವು ಮಾಡಿದ್ದನ್ನೆಲ್ಲ ಕೆಡಿಸುತ್ತದೆ. ತಂಬಾಕಿನ ಚಟ ಇತ್ತು ಎಂದು ಬರೆದಿದ್ದೀರಿ. ಇತ್ತು ಎಂಬುದು ನಿಜವಾಗಿರಲಿ.

ಮುಂದಿನ ಎಕೋ ಯಾವಾಗ? ಎರಡನೇ ಸ್ಟೆಂಟ್ ಆಗಿ ಮೂರು ತಿಂಗಳಿಗೆ, ಅಂದರೆ ಏಪ್ರಿಲ್ ಮಧ್ಯಕ್ಕೆ. ಅದಕ್ಕೂ ಮೊದಲು ತಿಂಗಳಿಗೊಂದು ಎಕೋ ಮಾಡಿಸಿ ಮನಸ್ಸು ಕೆಡಿಸಿಕೊಳ್ಳಬೇಡಿ. ಆ ಎಕೋಗೆ ಒಂದು ನಿರ್ದಿಷ್ಟ ಕೆಲಸ ಇದೆ. ಗುಳಿಗೆಗಳು ತಕ್ಕ ಡೋಸಿಗೆ ಏರಿದ ಮೇಲೂ ಇಎಫ್ 35 ಅಥವಾ ಅದಕ್ಕಿಂತ ಕೆಳಗೇ ಉಳಿದರೆ ದಿಢೀರ್ ಬಡಿತ ತಪ್ಪಿ ಜೀವ ಹೋಗುವ ಅಪಾಯ ಜಾಸ್ತಿ. ಅಂಥವರಿಗೆ ಐಸಿಡಿ ಎಂಬ ಶಾಕ್ ಕೊಡುವ ಸಣ್ಣ ಯಂತ್ರವನ್ನು ಎದೆಯ ಚರ್ಮದ ಕೆಳಗೆ ಇಡುವ ಮಾತು ಬರುತ್ತದೆ. ನಿಮ್ಮ ತಂದೆಯವರು ಈಗಾಗಲೇ 38ರಲ್ಲಿದ್ದಾರೆ. 40ರ ಮೇಲೆ ಹೋದರೆ ಆ ಮಾತೇ ಬರುವುದಿಲ್ಲ. 45 ಮುಟ್ಟಬಹುದೇ ಎಂದರೆ ಮುಟ್ಟಬಹುದು, ಖಾತ್ರಿ ಕೊಡಲಾರೆ. 40ರಲ್ಲೇ ನಿಂತರೂ ಹೊಲದ ಹಗುರ ಕೆಲಸ ಮಾಡಿಕೊಂಡು ವರ್ಷಗಟ್ಟಲೆ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಒಂದು ವೇಳೆ ಏರಿ 50 ಬಂತು ಅಂದರೂ ಗುಳಿಗೆ ನಿಲ್ಲಿಸುವಂತಿಲ್ಲ. ಏರಿಸಿ ಹಿಡಿದಿಟ್ಟದ್ದು ಅವೇ.

ಕೊನೆಗೆ ಶ್ರೀಶೈಲ. ಈ ಸಲ ನಡೆದು ಹೋಗುವುದು ಬೇಡ. ಯುಗಾದಿಯ ಹೊತ್ತಿಗೆ ಎರಡನೇ ಸ್ಟೆಂಟ್ ಆಗಿ ಮೂರು ತಿಂಗಳೂ ತುಂಬಿರುವುದಿಲ್ಲ. ಡೋಸು ಇನ್ನೂ ಏರುತ್ತಿರುತ್ತದೆ. ರಾಯಚೂರು ದಾಟಿದ ಮೇಲಿನ ಬಿಸಿಲಿನಲ್ಲಿ, ಕಾಡುದಾರಿಯ ಏರಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ನಡೆಯುವ ಕೆಲಸಕ್ಕೆ ಆ ಹೃದಯ ಇನ್ನೂ ತಯಾರಿಲ್ಲ. ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ ಮಲ್ಲಯ್ಯನ ದರ್ಶನ ಮಾಡಿ ಬರಲಿ, ಗುಳಿಗೆ ಮತ್ತು ಡಿಸ್ಚಾರ್ಜ್ ಕಾರ್ಡು ಜೋಳಿಗೆಯಲ್ಲಿರಲಿ. ಈಗಿನಿಂದ ದಿನಾ ಬೆಳಿಗ್ಗೆ ಬಯಲಿನಲ್ಲಿ ಹತ್ತು ನಿಮಿಷದಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ನಡೆಯಲಿ. ನಡೆಯುವಾಗ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ತಗ್ಗಿಸಬೇಕು. ದೀಪಾವಳಿ ಕಳೆದ ಮೇಲೆ ಎಕೋ ಜೊತೆಗೆ ಒಂದು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಅದರಲ್ಲಿ ದಮ್ಮು ಹತ್ತದೆ, ಬಡಿತ ತಪ್ಪದೆ ನಡೆದರೆ, ಮುಂದಿನ ವರ್ಷ ಕೊನೆಯ ಒಂದೆರಡು ದಿನದ ದಾರಿಯನ್ನು ಅವರು ಮಲ್ಲಯ್ಯನ ಕಂಬಿಯನ್ನು ಹೆಗಲ ಮೇಲೆ ಹೊತ್ತು ಹೋಗುವವರ ಜೊತೆ ನಡೆಯುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬಹುದು. ಕಂಬಿ ಮಾತ್ರ ಬೇರೆಯವರು ಹೊರಲಿ.